ಕಳೆದುಹೋದ ಮೂರು ಇಂಚು

ಸೈಕಲ್ಲು ಗಿಡ್ಡವಾಗಿತ್ತು.

ಅಫಜಲಪುರದ ಬಜಾರದಲ್ಲಿ ನೆರೆದಿದ್ದವರಿಗೆಲ್ಲ ಅದು ಒಂದೇ ನೋಟಕ್ಕೆ ತಿಳಿದುಹೋಯಿತು. ಚಾಂದಪಾಶಾನ ಸೈಕಲ್ ಅಂಗಡಿಯ ಮುಂದೆ ಪ್ರಮಿಲಾ ಹೊಸ ರೇಸಿನ ಸೈಕಲ್ಲು ಹತ್ತಿದಳು, ಪೆಡಲ್ ತುಳಿದಳು—ಮೊಣಕಾಲು ಮೇಲೆದ್ದು ಹ್ಯಾಂಡಲ್ಲಿಗೆ ಬಡಿಯಿತು. ಚಾಂದಪಾಶಾ ಸೀಟನ್ನು ಎತ್ತುವಷ್ಟೂ ಎತ್ತಿದ. ಆದರೂ ಅಷ್ಟೇ. ಅಪ್ಪನ ಭುಜಕ್ಕೆ ಭುಜ ಕೊಡುವ ಎತ್ತರದ ಹುಡುಗಿ, ತಂಗಿಯ ಸೈಕಲ್ಲು ಕದ್ದು ತಂದವಳ ಹಾಗೆ ಕಂಡಳು.

ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಜಮಾದಾರ ಖಂಡಪ್ಪನಿಗೆ ನಗು ಬಂತು. ಮರುಗಳಿಗೆಯೇ ಕಪ್ಪನ್ನು ಕೆಳಗಿಟ್ಟ. ಹುಡುಗಿಯ ಅಪ್ಪ, ಅಡತಿ ಸಾಹುಕಾರ ಚಂದ್ರಾಮಪ್ಪ, ದನಿ ಎತ್ತಿದ್ದರು. ಕಾಳಿನ ಹರಾಜು ಕೂಗಿ ಕೂಗಿ ಪಳಗಿದ ದನಿ ಅದು. ಬಜಾರದ ಈ ತುದಿಯಲ್ಲಿ ಎತ್ತಿದರೆ ಆ ತುದಿಯಲ್ಲಿ ಮಲಗಿದ ನಾಯಿ ಎದ್ದು ಕೂರುತ್ತಿತ್ತು.

"ಲೇ ಚಾಂದ್ಯಾ! ನನ್ನ ಮಗಳ ಸೈಕಲ್ ಎಲ್ಲಿ ಅದ?"

"ಇದೇ ಅದ್ರಿ ಸಾವ್ಕಾರ್ರ. ಕಂಪನಿಯವ್ರು ಕಳಿಸಿದ್ದು ಇದೇ."

"ಸುಳ್ಳ! ಅದಲು-ಬದಲು ಮಾಡಿದಿ. ನಾ ಕೊಟ್ಟ ಅಳತಿ ಏನು, ಬಂದಿದ್ದೇನು? ನನ್ನ ಮಗಳಿಗೆ ಬಂದ ಸೈಕಲ್ ಯಾರಿಗೆ ಮಾರಿದಿ, ಹೇಳು!"

ಅಷ್ಟರಲ್ಲಿ ಪಂಕ್ಚರ್ ಹಾಕಿಸಲು ಬಂದಿದ್ದ ಇಬ್ಬರು ಗಾಳಿಯಿಲ್ಲದ ಸೈಕಲ್ಲುಗಳನ್ನು ಸದ್ದಿಲ್ಲದೆ ತಳ್ಳಿಕೊಂಡು ಹೋಗಿಬಿಟ್ಟರು. ಖಂಡಪ್ಪ ಅದನ್ನು ನೋಡಿದ. ಚಾಂದಪಾಶಾನೂ ನೋಡಿದ. ಊರಿಗೆ ಹೋಗುವವರು ಕೀಲಿ ಹಾಕದ ಸೈಕಲ್ಲನ್ನು ಅವನ ಅಂಗಡಿಯ ಮುಂದೆ ನಿಲ್ಲಿಸಿ ಬಸ್ಸು ಹತ್ತುತ್ತಿದ್ದ ಕಾಲ ಇತ್ತಲ್ಲ, ಅದು ಆ ಗಳಿಗೆಗೆ ಮುಗಿದಂತಾಯಿತು.

ಸಾಹುಕಾರರು ಅಲ್ಲಿಂದ ನೆಟ್ಟಗೆ ಠಾಣೆಗೆ ಬಂದರು. ಫೌಜದಾರರು ಗಾಣಗಾಪುರದ ಬಂದೋಬಸ್ತಿಗೆ ಹೋಗಿದ್ದರು. ಮರುದಿನ ಬರುವವರು.

"ನಾಳೆ ಅವ್ರು ಬರೂದ್ರಾಗ ಅಂವ ಲಾಕಪ್ಪಿನ್ಯಾಗ ಇರಬೇಕು, ಜಮಾದಾರ," ಎಂದರು ಚಂದ್ರಾಮಪ್ಪ. "ಇಲ್ಲಂದ್ರ ಫೌಜದಾರ್ರ ಕೂಡ ನಾನೇ ಮಾತಾಡ್ತೇನಿ."

ಖಂಡಪ್ಪ ಹೂಂ ಅಂದ. ಹೊರಗೆ ಬಂದರೆ, ಠಾಣೆಯ ಬೇವಿನ ಗಿಡದ ಕೆಳಗೆ ಚಾಂದಪಾಶಾ ನಿಂತಿದ್ದ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ತಟ್ಟಿನ ಮೇಲೆ ಕೂತು ಓದಿದವರು.

"ಖಂಡಪ್ಪ, ನೀ ನನ್ನ ಒಳಗ ಕೂಡಿಸಿದಿ ಅಂದ್ರ, ಮತ್ತ ನಾ ಆ ಅಂಗಡಿ ಬಾಗಲ ತೆಗಿಯಂಗಿಲ್ಲ. ಈ ಊರಾಗ ನನಗ ಇರೂದು ಒಂದು ಹೆಸರು. ಅದು ಹೋದ್ರ ಸೊಲ್ಲಾಪುರಕ್ಕ ಹೋಗಿ ಕೂಲಿ ಮಾಡ್ತೇನಿ."

ಹೀಗೆ ದಾರಿ ತೋಚದಾಗಲೆಲ್ಲ ಖಂಡಪ್ಪ ಹೋಗುವ ಜಾಗ ಒಂದೇ.

ಅವನಿಗೆ ಪಾಠ ಕಲಿಸಿದ ಗುರುಶಾಂತಮ್ಮ ಅಕ್ಕೋರು ಶಾಲೆಯಿಂದ ನಿವೃತ್ತರಾಗಿ ವರ್ಷಗಳೇ ಆಗಿದ್ದವು. ಊರೆಲ್ಲ ಖಂಡಪ್ಪನ ಮೀಸೆಗೆ ಹೆದರಿದರೆ, ಖಂಡಪ್ಪ ಅಕ್ಕೋರ ಕನ್ನಡಕಕ್ಕೆ ಹೆದರುತ್ತಿದ್ದ. ಅವನು ಹೋದಾಗ ಅಕ್ಕೋರು ಒಲೆಯ ಮುಂದೆ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು.

"ಟೊಪಗಿ ತೆಗದು ಕೂಡು," ಎಂದರು. "ಏನಾತು?"

ಖಂಡಪ್ಪ ಎಲ್ಲ ಹೇಳಿದ. ಇಂಥ ಸೈಕಲ್ಲು ಈ ಕಡೆ ಅಂಗಡಿಗಳಲ್ಲಿ ಸಿಗುವುದಿಲ್ಲ. ಮುಂಬೈ ಕಂಪನಿಯ ಚಿತ್ರದ ಪುಸ್ತಕ ನೋಡಿ, ಅಂಚೆಯಲ್ಲಿ ಅಳತೆ ಕಳಿಸಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತರೆ, ನೆಲದಿಂದ ಕಾಲಿನ ಕವಲಿನವರೆಗೆ ಎಷ್ಟು ಇಂಚು—ಅದನ್ನು ನೋಡಿ ಕಂಪನಿಯವರು ಅದಕ್ಕೆ ತಕ್ಕ ಫ್ರೇಮು ಕಳಿಸುತ್ತಾರೆ. ಗುಲಬರ್ಗಾದಲ್ಲಿ ಕಾಲೇಜು ಓದುವ ಪ್ರಮಿಲಾ ಸಂಕ್ರಮಣದ ನಂತರ ಜೇವರ್ಗಿಯಿಂದ ಗುಲಬರ್ಗಾದವರೆಗಿನ ರೇಸಿಗೆ ಹೆಸರು ಕೊಟ್ಟಿದ್ದಾಳೆ. ಅದಕ್ಕಾಗಿ ದಸರೆಯಲ್ಲೇ ಅಳತೆಯಾಗಿದೆ. ಪೆಟ್ಟಿಗೆ ಬಂದದ್ದು ಈಗ.

"ನನಗ ಬುರಾನುದ್ದೀನನ ಮ್ಯಾಲ ಗುಮಾನಿ ಅದ್ರಿ ಅಕ್ಕೋರ," ಎಂದ ಖಂಡಪ್ಪ, ದನಿ ತಗ್ಗಿಸಿ. "ರೈಲ್ವೆ ಸ್ಟೇಷನ್ನಿನಿಂದ ಪೆಟ್ಟಿಗಿ ತಂದದ್ದು ಅವನ ಟೆಂಪೋ. ಚೌಡಾಪುರದಾಗ ಟೈರ್ ಒಡೀತಂತ, ರಾತ್ರಿಯೆಲ್ಲ ಪೆಟ್ಟಿಗಿ ಅಲ್ಲೇ ಇತ್ತು. ಅಲ್ಲೇ ಬದಲಾಗ್ಯಾದ!"

ಅಕ್ಕೋರು ರೊಟ್ಟಿ ತಿರುವಿ ಹಾಕಿದರು.

"ಅದಲು-ಬದಲು ಆಗಬೇಕಾದ್ರ ಎರಡು ಇರಬೇಕಲ್ಲೋ, ಖಂಡ್ಯಾ?"

"ಅಂದ್ರರಿ?"

"ಉದ್ದಂದು ಒಯ್ದು ಗಿಡ್ಡಂದು ಇಡಬೇಕಾದ್ರ, ಗಿಡ್ಡಂದು ಒಂದು ಕೈಯಾಗ ಇರಬೇಕು. ಆಳಂದ, ಅಫಜಲಪುರ, ಜೇವರ್ಗಿ—ಮೂರೂ ತಾಲೂಕಿನ್ಯಾಗ ಇಂಥಾ ಸೈಕಲ್ ಇನ್ನೊಂದು ಯಾರ ಹತ್ರ ಅದ? ನೀ ನೋಡೀಯೇನು?"

ಖಂಡಪ್ಪ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ, ಸಾಹುಕಾರರು ಅದಲು-ಬದಲು ಅಂದ ಕೂಡಲೇ ಬಜಾರವೆಲ್ಲ ತಲೆಯಾಡಿಸಿತ್ತು. ಜಮಾದಾರನ ತಲೆಯೂ ಅದರಲ್ಲಿ ಒಂದು.

"ಅಂದಮ್ಯಾಲ ಕಂಪನಿಯವ್ರು ಕಳಿಸಿದ್ದೇ ಇದು. ಅವರಿಗೆ ಹೋದ ಅಳತಿನೇ ತಪ್ಪದ. ತಪ್ಪು ಅಳತಿ ಕೊಟ್ಟೋರು ಯಾರು? ಅದನ್ನ ಹುಡುಕು." ಅಕ್ಕೋರು ಕೈ ತೊಳೆದುಕೊಂಡು ಎದ್ದರು. "ನಡಿ, ನಾನೂ ಬರ್ತೇನಿ. ನೀ ಒಬ್ಬನೇ ಹೋದ್ರ ಮತ್ತ ಟೆಂಪೋದ ಟೈರ್ ಎಣಿಸಿಕೋತ ಕೂಡ್ತಿ."

ಚಾಂದಪಾಶಾ ಅಂಗಡಿಯಲ್ಲಿ ಒಬ್ಬನೇ ಕೂತಿದ್ದ. ಗಿಡ್ಡ ಸೈಕಲ್ಲು ಗೋಡೆಗೆ ಒರಗಿತ್ತು.

"ಅಳತಿ ನೀ ತಗೊಂಡ್ಯೇನು?" ಅಕ್ಕೋರು ಕೇಳಿದರು.

"ತೌಬಾ, ಅಕ್ಕೋರ! ವಯಸ್ಸಿಗೆ ಬಂದ ಹುಡುಗಿ ಕಾಲಿನ ಅಳತಿ ನಾ ಹೆಂಗ ತಗೋಬೇಕ್ರಿ? ಹೆಂಗ ತಗೋಬೇಕು ಅಂತ ಸಾವ್ಕಾರ್ರಿಗೆ ಹೇಳಿ ಕಳಿಸಿದೆ. ಮನ್ಯಾಗ ಹೆಣ್ಣಮಕ್ಕಳೇ ತಗೋತೇವಿ ಅಂದ್ರು."

"ಆಮ್ಯಾಲ?"

"ಆಮ್ಯಾಲ ಸಾವ್ಕಾರ್ರು ಬಂದು ಹೇಳಿದ್ರು. ಮೂವತ್ತು ಇಂಚು. ಮೂವತ್ತು ಅಂತನೇ ನಾ ಕಳಿಸಿದೆ."

"ದಾರ ಕೊಡಲಿಲ್ಲೇನು?" ಖಂಡಪ್ಪ ನಡುವೆ ಬಾಯಿ ಹಾಕಿದ. ಠಾಣೆಯಲ್ಲಿ ಸಾಹುಕಾರರು ಹೇಳಿದ್ದು ಬೇರೆಯೇ ಆಗಿತ್ತು. ಅಳತೆಯ ದಾರವನ್ನು ಚಾಂದಪಾಶಾನ ಕೈಯಲ್ಲೇ ಇಟ್ಟಿದ್ದೇನೆ ಎಂದು ಅವರು ಆಣೆಮಾಡಿ ಹೇಳಿದ್ದರು.

"ಎಂಥಾ ದಾರ? ಖುದಾ ಕಸಮ್, ನಾ ಯಾವ ದಾರಾನೂ ನೋಡಿಲ್ಲ. ಬಾಯಿಲೆ ಹೇಳಿದ್ರು."

"ಹೇಳಿದಾಗ ಯಾರಿದ್ರು ಇಲ್ಲಿ?"

"ಮಂದಿ ಇದ್ರು. ಆದ್ರ ಯಾರಿಗೂ ಕೇಳಿಲ್ಲ." ಚಾಂದಪಾಶಾ ತಲೆ ತಗ್ಗಿಸಿದ. "ಸಾವ್ಕಾರ್ರು ನನ್ನ ಕಿವಿಯಾಗ ಹೇಳಿ ಹೋದ್ರು."

ಖಂಡಪ್ಪ ಅಕ್ಕೋರ ಮುಖ ನೋಡಿದ. ಚಂದ್ರಾಮಪ್ಪ ಸಾಹುಕಾರರು ಕಿವಿಯಲ್ಲಿ ಹೇಳುವುದೇ! ದೇವರ ಮುಂದೆ ಕೂತರೂ ಆ ಮನುಷ್ಯನ ಜಪ ಬೀದಿಗೆ ಕೇಳುತ್ತದೆ. ಗೆಳೆಯ ಇದಕ್ಕಿಂತ ಒಳ್ಳೆಯ ಸುಳ್ಳು ಹೇಳಬಹುದಿತ್ತು ಅನಿಸಿ ಖಂಡಪ್ಪನಿಗೆ ಬೇಜಾರಾಯಿತು.

"ಯಾವಾಗ ಬಂದು ಹೇಳಿದ್ರು?" ಅಕ್ಕೋರು ಬಿಡಲಿಲ್ಲ. "ದಸರಾದಾಗೋ?"

"ಇಲ್ರಿ. ದಸರಾ ಆದ್ಮ್ಯಾಲ ನಾ ಎರಡು ಸಲ ಕೇಳಿದೆ, ತರ್ತೇನಿ ತರ್ತೇನಿ ಅಂದ್ರು. ದೀಪಾವಳಿ ಮುಗದಮ್ಯಾಲ ಹೇಳಿದ್ರು."

ಅಕ್ಕೋರು ಸೈಕಲ್ಲಿನ ಫ್ರೇಮಿನ ಮೇಲೆ ಬೆರಳಾಡಿಸಿ, "ಚಂದ ಅದ," ಎಂದು ಹೊರಟರು.

ಅಡತಿ ಅಂಗಡಿಯಲ್ಲಿ ಸಾಹುಕಾರರು ಗಾದಿಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ, ಮುಂದೆ ರೈತರು ತಂದ ಹೊಸ ತೊಗರಿಯ ಮಾದರಿ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಮೊಳೆಗಳ ಸಾಲು, ಮೊಳೆಗೊಂದರಂತೆ ಮುಷ್ಟಿ ಗಾತ್ರದ ಬಟ್ಟೆಯ ಗಂಟು. ಯಾರ ಮಾಲು ಹೇಗಿತ್ತು ಅನ್ನುವುದಕ್ಕೆ ಆ ಗಂಟುಗಳೇ ಸಾಕ್ಷಿ.

"ದಾರ ಕೊಟ್ಟದ್ದು ಖರೇನ್ರಿ, ಸಾವ್ಕಾರ್ರ?" ಅಕ್ಕೋರು ಕೇಳಿದರು.

"ಖರೇ ಅಂದ್ರ? ನನ್ನ ಮಾತಿನ ಮ್ಯಾಲೇ ಸಂಶಯೇನ್ರಿ, ಅಕ್ಕೋರ?"

"ಸಂಶಯ ಅಲ್ಲ. ಕೇಳಾಕತ್ತೇನಿ. ಎಲ್ಲಿ ಕೊಟ್ರಿ?"

"ಅವನ ಅಂಗಡ್ಯಾಗ."

"ಅಂವ ದಾರ ಏನ್ ಮಾಡ್ದ?"

"ಕಿಸೆದಾಗ ಹಾಕ್ಕೊಂಡ."

"ನೀವು ಬಾಯಿಲೆ ಏನರೆ ಹೇಳಿದ್ರೇನು? ಇಂಚು?"

ಸಾಹುಕಾರರ ಮುಖ ಕೆಂಪಾಯಿತು. "ಹೆಣ್ಣುಹುಡುಗಿ ಕಾಲಿನ ಅಳತಿ ಬಜಾರದಾಗ ಬಾಯಿಲೆ ಹೇಳೂದೇನ್ರಿ? ಏನ್ ಮಾತಂತ ಕೇಳ್ತೀರಿ!"

ಮಾತಾಡುತ್ತಲೇ ಅವರ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಒಂದು ಹಿಡಿ ತೊಗರಿಯನ್ನು ಬಟ್ಟೆಯ ತುಂಡಿಗೆ ಹಾಕಿ, ಮಗ್ಗುಲಲ್ಲಿ ತಡಕಾಡಿ ಸಿಕ್ಕಿದ ಸೆಣಬಿನ ಎಳೆಯಿಂದ ಸುತ್ತಿ ಬಿಗಿದು, ಹಿಂದೆ ನೋಡದೆಯೇ ಮೊಳೆಗೆ ಸಿಕ್ಕಿಸಿತು. ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಕಣ್ಣೇ ಬೇಕಾಗಿಲ್ಲ.

ಅಕ್ಕೋರು ಗೋಡೆಯನ್ನು ನೋಡುತ್ತ ನಿಂತರು. ಎಲ್ಲ ಗಂಟುಗಳಿಗೂ ಸೆಣಬಿನ ಎಳೆ. ಮೂಲೆಯ ಒಂದಕ್ಕೆ ಮಾತ್ರ ಹಸಿರು ದಾರ, ಅದೂ ಕುತ್ತಿಗೆಯ ತುಂಬ ಸುತ್ತಿ ಸುತ್ತಿ.

"ಅದು ಏನು ಕಾಳು?"

"ಅದಾ? ಉದ್ದು. ದಸರಾ ಟೈಮಿನ ಮಾಲು."

"ನನಗ ಅದು ಬೇಕಲ್ರಿ. ಒಯ್ಲೇನು?"

"ಹುಳ ಬಿದ್ದಿರ್ತಾವ. ಹೊಸಾದು ಕೊಡ್ತೇನಿ, ತಡೀರಿ."

"ಅದೇ ಇರಲಿ."

ಖಂಡಪ್ಪನಿಗೆ ಸಿಟ್ಟೇ ಬಂತು. ಒಬ್ಬನ ಬದುಕು ತೂಗುಬಿದ್ದಿರುವಾಗ ಅಕ್ಕೋರಿಗೆ ವಡೆಗೆ ಉದ್ದು ಬೇಕಾಯಿತೇ? ಆದರೆ ಅಕ್ಕೋರ ಮುಂದೆ ಸಿಟ್ಟು ತೋರಿಸುವ ಧೈರ್ಯ ಅವನಿಗೆ ಈ ಜನ್ಮದಲ್ಲಿ ಇರಲಿಲ್ಲ. ಗಂಟನ್ನು ಇಳಿಸಿ ಅವರ ಕೈಚೀಲಕ್ಕೆ ಹಾಕಿದ.

ಸಾಹುಕಾರರ ಮನೆಯಲ್ಲಿ ಗಂಗಾಬಾಯಿ ಮತ್ತು ಪ್ರಮಿಲಾ ಇದ್ದರು. ಹುಡುಗಿಯ ಕಣ್ಣುಗಳು ಅತ್ತು ಕೆಂಪಾಗಿದ್ದವು.

"ಚಾಂದಪಾಶಾ ಮಾಮಾ ಹಂಗ ಮಾಡೋರಲ್ರಿ ಅಕ್ಕೋರ," ಎಂದಳು. "ಸಣ್ಣಕಿದ್ದಾಗ ನನಗ ಸೈಕಲ್ ಕಲಿಸಿದೋರು ಅವರೇ. ಅಪ್ಪಗ ಹೇಳಿದ್ರ ಕೇಳವಲ್ರು."

"ಅಳತಿ ಎಲ್ಲಿ ತಗೊಂಡ್ರಿ, ತೋರಸು."

ಒಳಕೋಣೆಯಲ್ಲಿ. ಖಂಡಪ್ಪನಿಗೆ ಆ ಕೋಣೆ ಗೊತ್ತಿತ್ತು. ಹಿಂದೊಮ್ಮೆ ಈ ಮನೆಯ ತಾಮ್ರದ ಹಂಡೆ ಕಳುವಾದಾಗ ಪಂಚನಾಮೆಗೆ ಬಂದು ಹತ್ತು ಸಲ ಒಳಗೆ ಹೊರಗೆ ಓಡಾಡಿದ್ದ. ಎತ್ತರದ ಹೊಸ್ತಿಲು ಎಂಬ ನೆನಪಿನಿಂದ ಕಾಲನ್ನು ಮೇಲೆತ್ತಿ ಇಟ್ಟ—

ಠಣ್!

ಬಾಗಿಲ ಮೇಲಿನ ಪಟ್ಟಿ ಹಣೆಗೆ ಬಡಿದು ಕಣ್ಣಲ್ಲಿ ನಕ್ಷತ್ರ ಕಂಡವು. ಟೊಪ್ಪಿಗೆ ಉರುಳಿ ನೆಲಕ್ಕೆ ಬಿತ್ತು. ಅಳುತ್ತಿದ್ದ ಪ್ರಮಿಲಾಳೂ ಕಿಸಕ್ಕನೆ ನಕ್ಕಳು.

"ವಯಸ್ಸಾದಂಗ ಮಂದಿ ಕುಗ್ಗತಾರ. ನೀ ಇನ್ನೂ ಬೆಳಿಯಾಕತ್ತಿಯೇನೋ?" ಎಂದರು ಅಕ್ಕೋರು. ಆದರೆ ಅವರು ನಗುತ್ತಿರಲಿಲ್ಲ. ಬಗ್ಗಿ ಟೊಪ್ಪಿಗೆ ಎತ್ತಿಕೊಡುವ ನೆಪದಲ್ಲಿ ಬಾಗಿಲ ಹಲಗೆಯ ಕೆಳ ಅಂಚನ್ನು ಸವರುತ್ತಿದ್ದರು. ಬಾಗಿಲಿಗೆಲ್ಲ ಹಳೆಯ ಬಣ್ಣ, ಕೆಳ ಅಂಚು ಮಾತ್ರ ಹೊಸದಾಗಿ ಗರಗಸ ಬಿದ್ದ, ಬಣ್ಣವಿಲ್ಲದ ಬರಿ ಕಟ್ಟಿಗೆ.

ಬಾಗಿಲ ಹಿಂದಿನ ಗೋಡೆಯ ಮೇಲೆ ಕಾಡಿಗೆಯ ಒಂದು ಗೀಟು ಇತ್ತು.

"ದಸರಾ ರಜೆಕ್ಕ ಬಂದಾಗ್ರಿ," ಎಂದರು ಗಂಗಾಬಾಯಿ. "ಇಕಿನ ಗ್ವಾಡಿಗೆ ನಿಂದ್ರಿಸಿ, ಕಾಲಾಗ ಪುಸ್ತಕ ಹಿಡಿಸಿ, ಪುಸ್ತಕದ ಮ್ಯಾಲಿನ ಅಂಚಿಗೆ ನಾನೇ ಗೀಟು ಎಳದೆ. ಗೀಟಿನಿಂದ ನೆಲದ ತನಕ ದಾರ ಬಿಟ್ಟು, ಎರಡೂ ಕಡಿ ಗಂಟು ಹಾಕಿ ಹರದೆ. ನನಗ ಇಂಚು-ಪಿಂಚು ತಿಳಿಯಂಗಿಲ್ಲ. ಕುಬಸದ ಅಳತಿನೂ ದಾರದಾಗೇ ಕಳಸೂದು. ಅದನ್ನೇ ಇವರ ಕೈಯಾಗ ಕೊಟ್ಟೆ. ಸಂಜಿಗೆ ಕೇಳಿದೆ. 'ಕೊಟ್ಟೇನಿ' ಅಂದ್ರು."

"ಖಂಡ್ಯಾ, ಟೇಪ್ ಹಿಡಿ. ಗೀಟಿನಿಂದ ನೆಲಕ್ಕ ಎಷ್ಟು?"

ಖಂಡಪ್ಪ ಪಂಚನಾಮೆಗೆಂದು ಕಿಸೆಯಲ್ಲಿಟ್ಟಿದ್ದ ಟೇಪು ತೆಗೆದು ಅಳೆದ. ಮತ್ತೊಮ್ಮೆ ಅಳೆದ. "ಮೂವತ್ತು ಇಂಚು, ಅಕ್ಕೋರ. ಬರೋಬರಿ ಮೂವತ್ತು!"

ಅಂದರೆ ಚಾಂದಪಾಶಾ ಕಳಿಸಿದ ಅಳತೆ ಸರಿ. ಕಂಪನಿ ಕಳಿಸಿದ ಫ್ರೇಮೂ ಸರಿ. ಗೆಳೆಯ ಗೆದ್ದ ಎಂದು ಖಂಡಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಅಕ್ಕೋರು ಹುಡುಗಿಯನ್ನು ಗೋಡೆಗೆ ನಿಲ್ಲಲು ಹೇಳಿ, ಅವನನ್ನು ಹೊರಗೆ ಕಳಿಸಿದರು. ತಿರುಗಿ ಕರೆದಾಗ ಗೋಡೆಯ ಮೇಲೆ ಎರಡು ಗೀಟುಗಳಿದ್ದವು. ಹೊಸ ಗೀಟು ಹಳೆಯದಕ್ಕಿಂತ ಮೂರು ಇಂಚು ಮೇಲೆ!

ಖಂಡಪ್ಪ ಎರಡೂ ಗೀಟುಗಳ ನಡುವೆ ಟೇಪು ಹಿಡಿದು ನೋಡಿದ.

"ಹುಡುಗಿ ಬೆಳದಾಳ್ರಿ, ಅಕ್ಕೋರ!"

"ದಸರಾದಿಂದ ಈಚೆಗೆ ಕಾಲು ಅಷ್ಟೇ ಮೂರು ಇಂಚು ಬೆಳಿತಾವೇನೋ, ಖೋಡಿ?" ಅಕ್ಕೋರು ಮಂಚದ ಮೇಲೆ ಕೂತರು. "ಸಾವ್ಕಾರ್ರನ್ನ ಕರಕೊಂಡು ಬಾ. ಕಳ್ಳ ಸಿಕ್ಕಾನ ಅಂತ ಹೇಳು."

ಕಳ್ಳ ಸಿಕ್ಕ ಅಂದರೆ ಯಾರು ಬರುವುದಿಲ್ಲ? ಚಂದ್ರಾಮಪ್ಪ ಧೋತರದ ಚುಂಗು ಹಿಡಿದುಕೊಂಡು ಬಂದರು.

"ಎಲ್ಲಿ ಅಂವ?"

"ಕೂಡ್ರಿ, ಹೇಳ್ತೇನಿ. ಮೊದಲ ಒಂದು ಮಾತು. ಖಂಡ್ಯಾ, ಹಂಡೆ ಕಳುವಾದಾಗ ಈ ಬಾಗಲದಾಗ ಓಡ್ಯಾಡಿದ್ಯಲ್ಲ, ಒಮ್ಮೆರೆ ತಲಿ ಬಡಕೊಂಡಿದ್ಯೇನು?"

"ಇಲ್ರಿ."

"ಇವತ್ತ ಯಾಕ ಬಡಕೊಂಡಿ? ನೀನೂ ಬೆಳದಿಲ್ಲ, ಈ ಹುಡುಗಿನೂ ಬೆಳದಿಲ್ಲ." ಅಕ್ಕೋರು ಕಾಲಿನಿಂದ ನೆಲವನ್ನು ತಟ್ಟಿದರು. ನುಣ್ಣನೆಯ ಶಹಾಬಾದಿ ಕಲ್ಲಿನ ಫರಸಿ. "ನೆಲ ಬೆಳದದ. ಗಂಗಾಬಾಯಿ, ಈ ಫರಸಿ ಯಾವಾಗ ಹಾಕ್ಸಿದ್ರಿ?"

"ದೀಪಾವಳಿಗ್ರಿ. ಹಳೇ ಮಣ್ಣಿನ ನೆಲದ ಮ್ಯಾಲೇ ಖಡಿ, ಗಾರಿ ಹಾಕಿ..." ಹೇಳುತ್ತ ಹೇಳುತ್ತ ಗಂಗಾಬಾಯಿ ಗೋಡೆಯ ಗೀಟಿನತ್ತ ತಿರುಗಿದರು.

"ಹೊಸ್ತಿಲು ತಗ್ಗಾತು, ಬಾಗಲದ ಕೆಳಗಿನ ಅಂಚು ಕೊಯ್ಸಬೇಕಾತು. ಗೀಟು ಮಾತ್ರ ಇದ್ದಲ್ಲೇ ಉಳೀತು. ದಸರಾದಾಗ ಗೀಟಿನಿಂದ ನೆಲಕ್ಕ ಮೂವತ್ಮೂರು ಇಂಚು ಇತ್ತು. ದೀಪಾವಳಿ ಆದ್ಮ್ಯಾಲ ಮೂವತ್ತು. ಚಾಂದಪಾಶಾಗ ಮುಟ್ಟಿದ್ದು ಮೂವತ್ತು. ಅಂದ್ರ ಆ ಅಳತಿ ದಸರಾದ ದಾರದ್ದಲ್ಲ. ದೀಪಾವಳಿ ಆದ್ಮ್ಯಾಲ ಈ ಕೋಣ್ಯಾಗ ನಿಂತು ಯಾರೋ ಗೀಟಿನಿಂದ ಅಳದದ್ದು. ಯಾರು? ಚಾಂದಪಾಶಾ ಈ ಮನಿಯ ಒಳಕೋಣಿ ನೋಡಿಲ್ಲ. ಪ್ರಮಿಲಾ ಹಾಸ್ಟೆಲಿನ್ಯಾಗ ಇದ್ಳು. ಗಂಗಾಬಾಯಿಗೆ ಇಂಚು ತಿಳಿಯಂಗಿಲ್ಲ. ಉಳದೋರು ಯಾರ್ರಿ, ಸಾವ್ಕಾರ್ರ?"

ಖಂಡಪ್ಪ ತನ್ನ ಹಣೆಯ ಬುಗುಟು ಮುಟ್ಟಿ ನೋಡಿಕೊಂಡ. ಇಷ್ಟು ದೊಡ್ಡ ಸಾಕ್ಷಿ ತನ್ನ ತಲೆಗೇ ಬಂದು ಬಡಿದರೂ ತನಗೆ ಹೊಳೆಯಲಿಲ್ಲವಲ್ಲ!

"ನಾ ದಾರ ಕೊಟ್ಟೇನಿ," ಎಂದರು ಚಂದ್ರಾಮಪ್ಪ. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

ಅಕ್ಕೋರು ಕೈಚೀಲದಿಂದ ಉದ್ದಿನ ಗಂಟು ತೆಗೆದರು. ಹಸಿರು ದಾರವನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಬಟ್ಟೆ ಬಾಯಿ ತೆರೆದು ಹುಳ ಬಿದ್ದ ಉದ್ದು ಫರಸಿಯ ಮೇಲೆಲ್ಲ ಹರಿದಾಡಿತು.

"ನಮ್ಮ ದಾರ!" ಗಂಗಾಬಾಯಿ ಚೀರಿದರು. "ನನ್ನ ಕುಬಸ ಹೊಲದು ಉಳದದ್ದು!"

ಎರಡೂ ತುದಿಗೆ ಗಂಟಿತ್ತು. ಒಂದು ಗಂಟಿಗೆ ಕಾಡಿಗೆಯ ಕಪ್ಪು ಹತ್ತಿತ್ತು. ಅಕ್ಕೋರು ಕಪ್ಪು ಗಂಟನ್ನು ಹಳೆಯ ಗೀಟಿಗೆ ಹಿಡಿದು ದಾರವನ್ನು ಬಿಟ್ಟರು. ದಾರ ನೆಲ ಮುಟ್ಟಿತು. ಮುಟ್ಟಿಯೂ ಮುಗಿಯಲಿಲ್ಲ. ಉಳಿದ ತುಂಡು ಹೊಸ ಫರಸಿಯ ಮೇಲೆ ಮಡಚಿಕೊಂಡು ಬಿತ್ತು.

"ಕಂಕುಳಾಗ ಕೂಸು ಇಟಗೊಂಡು ಊರೆಲ್ಲ ಹುಡುಕಿದಂಗಾತು," ಎಂದರು ಅಕ್ಕೋರು ಮೆಲ್ಲಗೆ. "ಅವತ್ತ ದಾರ ಮಗ್ಗಲದಾಗ ಇಟ್ಟು ಗಾದಿ ಮ್ಯಾಲ ಕೂತ್ರಿ. ಯಾರೋ ಉದ್ದು ತಂದ್ರು. ಮಾತಾಡ್ತ ಮಾತಾಡ್ತ ಕೈಗೆ ಸಿಕ್ಕ ದಾರದಿಂದ ಗಂಟು ಕಟ್ಟಿ ಬೆನ್ನ ಹಿಂದ ಸಿಕ್ಕಿಸಿದ್ರಿ. ಸಂಜಿಗೆ ಮನ್ಯಾಗ ಕೇಳಿದ್ರು—"

"ಕೊಟ್ಟೇನಿ ಅಂದೆ." ಚಂದ್ರಾಮಪ್ಪ ಗೋಡೆಗೆ ಒರಗಿದರು. "ಅಂಗಡ್ಯಾಗ ಎಲ್ಲೋ ಅದ, ನಾಳೆ ಕೊಟ್ಟರಾತು ಅಂತ ಅಂದೆ. ಗಾದಿ ಎತ್ತಿ ಝಾಡಿಸಿದೆ, ಸಿಗಲಿಲ್ಲ. ಮತ್ತೊಮ್ಮೆ ಅಳತಿ ಕೊಡು ಅಂತ ಮಗಳಿಗೆ ಹೆಂಗ ಕೇಳಲಿ? ಹೆಣ್ಣುಹುಡುಗಿ. ಫರಸಿ ಹಾಕಿದ ಗೌಂಡಿ ಟೇಪ್ ಬಿಟ್ಟು ಹೋಗಿದ್ದ. ಮನ್ಯಾಗ ಯಾರೂ ಇರಲಾರದಾಗ ಗೀಟು ಅಳದು, ಅವನ ಕಿವಿಯಾಗ ಹೇಳಿ ಬಂದೆ. ಗೀಟು ಅದೇ ಅದ, ಅಳತಿ ಎಲ್ಲಿ ಹೋಗ್ತದ ಅಂದುಕೊಂಡೆ. ಸೈಕಲ್ ಗಿಡ್ಡ ಬಂದಾಗ ಅಂವ ಮೋಸ ಮಾಡ್ಯಾನ ಅಂತ ಖರೇನೇ ನಂಬಿದ್ದೆ, ಅಕ್ಕೋರ. ದಾರದ ಮಾತು ಮಾತ್ರ..."

"ಅದೇ ಮಾತು ಅವನ್ನ ಕಳ್ಳನ್ನ ಮಾಡ್ತು. ಗೀಟು ಅಳದೇನಿ ಅಂತ ಬಜಾರದಾಗ ಒಂದು ಮಾತು ಅಂದಿದ್ರ, ಯಾರರೆ ಒಬ್ಬರಿಗೆ ಈ ನೆಲ ನೆನಪಾಗತಿತ್ತು."

ಪ್ರಮಿಲಾ ಅಪ್ಪನನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು. ಚಂದ್ರಾಮಪ್ಪ ಕುಗ್ಗಿಹೋದದ್ದು ಆ ಒಂದು ನೋಟಕ್ಕೆ.

"ಖಂಡಪ್ಪ, ಫಿರ್ಯಾದಿ ತಿರುಗಿ ತಗೋತೇನಿ," ಎಂದರು. "ಅವನಿಗೆ ಇಲ್ಲಿಗೇ ಬರಾಕ ಹೇಳು. ನಾ ಮಾತಾಡ್ತೇನಿ."

ಖಂಡಪ್ಪ ಹೊರಡಲಿದ್ದ. ಅಕ್ಕೋರು ಕಣ್ಣಿನಲ್ಲೇ ತಡೆದರು.

"ಬಜಾರದಾಗ ಆಡಿದ ಮಾತು ಬಜಾರದಾಗೇ ತಿರುಗಿ ತಗೋಬೇಕ್ರಿ, ಸಾವ್ಕಾರ್ರ."

ಚಂದ್ರಾಮಪ್ಪ ಬಗ್ಗಿ, ನೆಲದ ಮೇಲಿನ ದಾರವನ್ನು ಎತ್ತಿಕೊಂಡರು.

ಸಂಜೆಯ ಬಸ್ಸು ಬಂದು ನಿಂತಿತ್ತು, ಬಜಾರದಲ್ಲಿ ಜನವೋ ಜನ. ಚಾಂದಪಾಶಾ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಬಾಗಿಲು ಹಾಕುತ್ತಿದ್ದ. ಸಾಹುಕಾರರ ಹಿಂದೆ ಪ್ರಮಿಲಾ, ಅವಳ ಹಿಂದೆ ಅಕ್ಕೋರು, ಕಡೆಗೆ ಜಮಾದಾರ—ಈ ಮೆರವಣಿಗೆ ನೋಡಿ ಅವನು ಕೈಯಲ್ಲಿದ್ದ ಹಲಗೆಯನ್ನು ಎದೆಗೊತ್ತಿಕೊಂಡ. ತನ್ನನ್ನು ಒಯ್ಯಲು ಬಂದರು ಅಂದುಕೊಂಡ. ಹೋಟೆಲಿನವರು ಚಹಾ ಬಿಟ್ಟು ಎದ್ದು ನಿಂತರು.

"ಚಾಂದಪಾಶಾ," ಎಂದರು ಚಂದ್ರಾಮಪ್ಪ. ಪೂರ್ತಿ ಹೆಸರು ಅವರ ಬಾಯಲ್ಲಿ ಬಂದದ್ದನ್ನು ಖಂಡಪ್ಪ ಕೇಳಿದ್ದು ಅದೇ ಮೊದಲು. "ಈ ದಾರ ನಿನಗ ದಸರಾದಾಗ ಕೊಡೂದಿತ್ತು. ಕೊಟ್ಟಿದ್ದಿಲ್ಲ. ಕೊಟ್ಟೇನಿ ಅಂತ ಸುಳ್ಳ ಹೇಳಿದೆ. ತಪ್ಪು ಅಳತಿ ಕೊಟ್ಟೋನು ನಾನು. ನೀ ಅಲ್ಲ. ಈಗ ಕೊಡಾಕತ್ತೇನಿ, ತಗೋ."

ಹರಾಜಿನ ದನಿಯಲ್ಲೇ ಹೇಳಿದರು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು.

ಚಾಂದಪಾಶಾ ಹಲಗೆಯನ್ನು ಕೆಳಗಿಟ್ಟು, ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡು ದಾರ ತೆಗೆದುಕೊಂಡ. ಕಣ್ಣು ತುಂಬಿತ್ತು. ಪ್ರಮಿಲಾಳ ಕಡೆ ತಿರುಗಿದ.

"ಕಂಪನಿಗೆ ವಾಪಸ್ ಕಳಿಸಿದ್ರ ರೇಸಿಗೆ ಬರಂಗಿಲ್ಲ, ಬೇಟಿ. ಆದ್ರ ಗಿಡ್ಡ ಬಂದದ್ದೇ ಪುಣ್ಯ. ಸೀಟಿನ ಪೈಪ್ ಉದ್ದಂದು ಸೊಲ್ಲಾಪುರದಾಗ ಮಾಡಸ್ತೇನಿ, ಹ್ಯಾಂಡಲ್ ಮುಂದ ಸರಸ್ತೇನಿ. ಗಿಡ್ಡ ಫ್ರೇಮಿಗೆ ಏನರೆ ಮಾಡಬಹುದು. ದೊಡ್ಡದು ಬಂದಿದ್ರ ನನ್ನ ಕೈಲೆ ಏನೂ ಆಗತಿದ್ದಿಲ್ಲ. ನಿಂದ್ರು, ಖರೇ ಅಳತಿ ನೋಡ್ತೇನಿ."

ಅಂಗಡಿಯ ಕಟ್ಟೆಯ ಮೇಲೆ ದಾರವನ್ನು ನೆಟ್ಟಗೆ ಹಾಸಿ, ಮಗ್ಗುಲಿಗೆ ಟೇಪು ಹಿಡಿದ. ನೋಡಿದ. ಸುತ್ತಲಿದ್ದ ಜನರನ್ನು ಕಂಡು ಸಂಕೋಚವಾಗಿ, ಸಾಹುಕಾರರ ಕಿವಿಯ ಹತ್ತಿರ ಬಾಗಿದ.

ಚಂದ್ರಾಮಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ಕಿವಿಯಾಗ ಬ್ಯಾಡ. ಜೋರಾಗಿ ಹೇಳು."

ಚಾಂದಪಾಶಾ ಹುಡುಗಿಯ ಮುಖ ನೋಡಿದ. ಪ್ರಮಿಲಾ ತಲೆ ಎತ್ತಿ ನಿಂತು ಹೂಂ ಅಂದಳು.

"ಮೂವತ್ಮೂರು ಇಂಚು!"

"ಇನ್ನೊಮ್ಮೆ ಹೇಳು," ಎಂದರು ಚಂದ್ರಾಮಪ್ಪ. "ಬಸ್ಸಿನ್ಯಾಗ ಹಿಂದ ಕೂತೋರಿಗೆ ಕೇಳಿಲ್ಲ."